ಕೈಯಿಂದ ಕೈಗೆ ಸಾಗಿದ ‘ವಾರದ ಕಟ್ಟು’

ಬೆಳಗಾದರೆ ಮನೆ ಬಾಗಿಲಿಗೆ ಹಾಲು ಬರುತ್ತದೆ, ಪತ್ರಿಕೆ ಬರುತ್ತದೆ, ಸೊಪ್ಪಿನವಳೂ ಬರುತ್ತಾಳೆ. ಇಂಟರ್ನೆಟ್ ಕೂಡ ಹೀಗೆಯೇ ಸೈಕಲ್ ಏರಿ ಬಾಗಿಲಿಗೆ ಬಂದು, ‘ಈ ವಾರ ಏನು ಬೇಕು?’ ಎಂದು ಕೇಳಿದರೆ ಹೇಗಿರುತ್ತದೆ? ಕೇಳಲು ತಮಾಷೆ ಎನಿಸಬಹುದು. ಆದರೆ ಕೆರಿಬಿಯನ್ ಸಮುದ್ರದ ದ್ವೀಪರಾಷ್ಟ್ರ ಕ್ಯೂಬಾದಲ್ಲಿ ಸುಮಾರು ಹತ್ತು ವರ್ಷ ಕಾಲ ಬಹುಪಾಲು ಜನರ ಪಾಲಿಗೆ ಇಂಟರ್ನೆಟ್ ಎಂದರೆ ಇದೇ ಆಗಿತ್ತು. ಅದಕ್ಕೆ ಅವರು ಇಟ್ಟ ಹೆಸರು ‘ಎಲ್ ಪಕೆತೆ ಸೆಮನಾಲ್’. ಸ್ಪ್ಯಾನಿಷ್ ಭಾಷೆಯ ಈ ಮಾತನ್ನು ಕನ್ನಡದಲ್ಲಿ ‘ವಾರದ ಕಟ್ಟು’ ಎನ್ನಬಹುದು.

ಕಟ್ಟಿನಲ್ಲಿ ಇರುತ್ತಿದ್ದುದಾದರೂ ಏನು? ಅಂಗೈ ಅಗಲದ ಒಂದು ಹಾರ್ಡ್ ಡಿಸ್ಕ್. ಅದರೊಳಗೆ ಸುಮಾರು ಒಂದು ಟೆರಾಬೈಟ್, ಅಂದರೆ ಸಾವಿರ ಗಿಗಾಬೈಟ್ ಸರಕು. ಬರೀ ಸಿನಿಮಾ ತುಂಬಿದರೆ ಆರೇಳು ನೂರು ಸಿನಿಮಾ ಹಿಡಿಸುವಷ್ಟು ಜಾಗ. ಆದರೆ ತುಂಬುತ್ತಿದ್ದುದು ಸಿನಿಮಾ ಮಾತ್ರವಲ್ಲ. ಅಮೆರಿಕದ ಟಿ.ವಿ. ಸರಣಿಗಳು, ಮೆಕ್ಸಿಕೊ, ಕೊಲಂಬಿಯ, ಬ್ರೆಜಿಲ್‌ನ ಧಾರಾವಾಹಿಗಳು, ಸ್ಪ್ಯಾನಿಷ್ ಅಡಿಬರಹ ಹೊತ್ತ ಕೊರಿಯಾದ ಪ್ರೇಮಕಥೆಗಳು, ಸ್ಪೇನ್ ದೇಶದ ಫುಟ್‌ಬಾಲ್ ಪಂದ್ಯಗಳು, ಹೊಸ ಹಾಡು, ಮೊಬೈಲ್‌ನ ಆ್ಯಪ್‌ಗಳು, ಪತ್ರಿಕೆಗಳ ಪಿಡಿಎಫ್, ಕಂಪ್ಯೂಟರ್ ವೈರಸ್ ತಡೆಯುವ ತಂತ್ರಾಂಶದ ಆ ವಾರದ ಪರಿಷ್ಕರಣೆ. ಜೊತೆಗೆ ‘ರೆವೊಲಿಕೊ’ ಎಂಬ ಕೊಡು-ಕೊಳ್ಳುವ ಜಾಹೀರಾತುಗಳ ತಾಣದ ಪೂರ್ತಿ ನಕಲು. ಹಳೆಯ ಫ್ರಿಜ್ ಮಾರುವವರು, ಬಾಡಿಗೆ ಮನೆ ಹುಡುಕುವವರು ಎಲ್ಲರೂ ಅದರಲ್ಲಿದ್ದರು. ಈ ತಾಣ ಕ್ಯೂಬಾದ ಒಳಗೆ ಬಹುಕಾಲ ತೆರೆಯುತ್ತಿರಲಿಲ್ಲ, ಸರ್ಕಾರ ತಡೆದಿತ್ತು. ತಾಣವನ್ನು ತಡೆದರೂ ಅದರ ನಕಲು ಮಾತ್ರ ಪ್ರತಿ ವಾರ ತಪ್ಪದೆ ಮನೆ ಸೇರುತ್ತಿತ್ತು.

ಇಷ್ಟಕ್ಕೆಲ್ಲ ತೆರಬೇಕಾದ ಬೆಲೆ ಒಂದೋ ಎರಡೋ ‘ಕುಕ್’. ಆ ಕಾಲದಲ್ಲಿ ಕ್ಯೂಬಾದಲ್ಲಿ ಎರಡು ಬಗೆಯ ಹಣ ಚಲಾವಣೆಯಲ್ಲಿತ್ತು. ಸಂಬಳ ಸಿಗುತ್ತಿದ್ದುದು ಸಾಮಾನ್ಯ ಪೆಸೊದಲ್ಲಿ. ಡಾಲರಿಗೆ ಸಮನಾದ ಇನ್ನೊಂದು ಪೆಸೊಗೆ ಕುಕ್ ಎಂದು ಹೆಸರು. ವಾರದ ಆರಂಭದಲ್ಲಿ ಕಟ್ಟು ತಾಜಾ, ಬೆಲೆ ಹೆಚ್ಚು. ದಿನ ಕಳೆದಂತೆ ಬೆಲೆ ಇಳಿಯುತ್ತಿತ್ತು. ಸಂಜೆ ಹೊತ್ತಿನ ಸಂತೆಯ ಟೊಮೆಟೊ ಇದ್ದ ಹಾಗೆ!

ಬಂದ ದಾರಿ

ಕಟ್ಟು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. 1959ರ ಕ್ರಾಂತಿಯ ನಂತರ ಪತ್ರಿಕೆ, ರೇಡಿಯೊ, ಟಿ.ವಿ. ಎಲ್ಲವೂ ಸರ್ಕಾರದ ಕೈ ಸೇರಿದವು. ಏನು ನೋಡಬೇಕು, ಏನು ಓದಬೇಕು ಎಂಬುದನ್ನು ಸರ್ಕಾರವೇ ತೀರ್ಮಾನಿಸತೊಡಗಿತು. ಜನ ಸುಮ್ಮನಿರುತ್ತಾರೆಯೇ? ಹಳೆಯ ಪ್ರೇಮ ಕಾದಂಬರಿಗಳನ್ನು, ವಿದೇಶಿ ಪತ್ರಿಕೆಗಳನ್ನು ಗುಟ್ಟಾಗಿ ಬಾಡಿಗೆಗೆ ಕೊಡುವವರು ಬೀದಿಗಳಲ್ಲಿ ಹುಟ್ಟಿಕೊಂಡರು. ನಮ್ಮ ಊರುಗಳಲ್ಲಿ ದಿನಕ್ಕೆ ಎಂಟಾಣೆಗೆ ಕಾದಂಬರಿ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ನೆನಪಿಸಿಕೊಳ್ಳಿ. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಅಂಗಡಿಗೆ ಬೋರ್ಡ್ ಇರುತ್ತಿತ್ತು, ಅಲ್ಲಿ ಇರುತ್ತಿರಲಿಲ್ಲ.

ಆಮೇಲೆ ಬೀಟಾ ಕ್ಯಾಸೆಟ್ ಬಂತು, ವಿಎಚ್ಎಸ್ ಬಂತು. ಹಡಗಿನ ಕೆಲಸಗಾರರು, ವಿದೇಶಕ್ಕೆ ಹೋಗಿ ಬಂದವರು ತಂದ ಕ್ಯಾಸೆಟ್‌ಗಳು ‘ಬ್ಯಾಂಕು’ಗಳಲ್ಲಿ ಸೇರಿದವು. ಸಿನಿಮಾ ಬಾಡಿಗೆಗೆ ಕೊಡುವ ಮನೆಗಳನ್ನು ಅಲ್ಲಿ ಬ್ಯಾಂಕು ಎಂದೇ ಕರೆಯುತ್ತಿದ್ದರು. ಡಿಶ್ ಆಂಟೆನಾ ಇಟ್ಟುಕೊಳ್ಳುವುದು ಅಪರಾಧ. ಆದರೂ ಕೆಲವರು ಮಾಳಿಗೆಯ ನೀರಿನ ಟ್ಯಾಂಕಿನೊಳಗೆ ಡಿಶ್ ಬಚ್ಚಿಟ್ಟು ಮಯಾಮಿಯ ಚಾನೆಲ್ ಹಿಡಿದರು. ಅಕ್ಕಪಕ್ಕದ ಮನೆಗಳಿಗೂ ಕೇಬಲ್ ಎಳೆದು ಕಾಸು ಮಾಡಿಕೊಂಡರು. ಪೊಲೀಸರು ದಾಳಿ ಮಾಡಿದಾಗ ತಂತಿ ಕಿತ್ತುಹೋಗುತ್ತಿತ್ತು. ಕೆಲ ದಿನ ಕಳೆದರೆ ಮತ್ತೆ ಹೊಸ ತಂತಿ.

2008ನೇ ಇಸವಿ ಒಂದು ತಿರುವು. ಅಣ್ಣ ಫಿಡೆಲ್ ಕ್ಯಾಸ್ಟ್ರೊ ಕೈಯಿಂದ ಅಧಿಕಾರ ವಹಿಸಿಕೊಂಡ ರೌಲ್ ಕ್ಯಾಸ್ಟ್ರೊ, ಸಾಮಾನ್ಯ ಜನರೂ ಕಂಪ್ಯೂಟರ್, ಡಿವಿಡಿ ಪ್ಲೇಯರ್ ಕೊಳ್ಳಬಹುದು, ಮೊಬೈಲ್ ಫೋನ್ ಇಟ್ಟುಕೊಳ್ಳಬಹುದು ಎಂದರು. ಅಲ್ಲಿಯವರೆಗೆ ಅದಕ್ಕೂ ನಿರ್ಬಂಧವಿತ್ತು! ಯಂತ್ರವೇನೋ ಬಂತು, ಆದರೆ ಇಂಟರ್ನೆಟ್ ಬರಲಿಲ್ಲ. ಅಮೆರಿಕದ ಆರ್ಥಿಕ ದಿಗ್ಬಂಧನ ಒಂದು ಕಡೆ, ಸರ್ಕಾರದ ಭಯ ಇನ್ನೊಂದು ಕಡೆ. ವೆನೆಜುವೆಲಾದಿಂದ ಸಮುದ್ರದಡಿ ಎಳೆದ ಕೇಬಲ್ 2011ರ ಫೆಬ್ರುವರಿಯಲ್ಲೇ ಕ್ಯೂಬಾದ ದಡ ಮುಟ್ಟಿತ್ತು. ಅದರಲ್ಲಿ ಸಂಚಾರ ಶುರುವಾದದ್ದು 2013ರ ಜನವರಿಯಲ್ಲಿ. ಅದೇ ವರ್ಷ ಜೂನ್‌ನಲ್ಲಿ ದೇಶದಾದ್ಯಂತ 118 ಇಂಟರ್ನೆಟ್ ಕೊಠಡಿಗಳು ತೆರೆದವು. ಗಂಟೆಗೆ ನಾಲ್ಕೂವರೆ ಕುಕ್. ಸರ್ಕಾರಿ ನೌಕರನ ತಿಂಗಳ ಸರಾಸರಿ ಸಂಬಳವೇ ಇಪ್ಪತ್ತು-ಇಪ್ಪತ್ತೈದು ಡಾಲರ್ ಆಗಿದ್ದಾಗ ಒಂದು ಗಂಟೆಗೆ ನಾಲ್ಕೂವರೆ! ಹೆಚ್ಚುಕಡಿಮೆ ಒಂದು ವಾರದ ದುಡಿಮೆ.

ಇಂಥ ದೇಶದಲ್ಲಿ ಎರಡು ಡಾಲರಿಗೆ ಇಡೀ ವಾರದ ಸರಕು ಮನೆಗೇ ಬರುತ್ತದೆ ಎಂದರೆ ಯಾರು ಬೇಡ ಎನ್ನುತ್ತಾರೆ?

ಸರಪಳಿ ಹೀಗಿತ್ತು

ಹವಾನಾ ನಗರದಲ್ಲಿ ‘ಮಾತ್ರಿಸ್’ಗಳೆಂದು ಕರೆಸಿಕೊಂಡ ಕೆಲವು ಮೂಲ ಮನೆಗಳಿದ್ದವು. ತಾಯಿಬೇರು ಎಂಬಂಥ ಅರ್ಥ. ಒಮೇಗ, ಕ್ರೇಜಿ ಬಾಯ್ ಎಂಬ ಹೆಸರುಗಳು ಅವುಗಳಲ್ಲಿ ಪ್ರಸಿದ್ಧ. ಕಚೇರಿಯಲ್ಲೋ ವಿಶ್ವವಿದ್ಯಾಲಯದಲ್ಲೋ ಹೋಟೆಲಿನಲ್ಲೋ ಇಂಟರ್ನೆಟ್ ಎಟುಕುವ ಜನ, ಡಿಶ್ ಇಟ್ಟುಕೊಂಡು ಹಗಲೂ ರಾತ್ರಿ ರೆಕಾರ್ಡ್ ಮಾಡುವ ಜನ, ವಿದೇಶದಿಂದ ಬರುವವರು ಹೀಗೆ ಹಲವು ಕೈಗಳಿಂದ ಇವರಿಗೆ ಸರಕು ಬರುತ್ತಿತ್ತು. ಇವರು ಅದನ್ನು ಜಾಲಿಸಿ, ವಿಂಗಡಿಸಿ, ಫೋಲ್ಡರುಗಳಲ್ಲಿ ಜೋಡಿಸುತ್ತಿದ್ದರು. ಒಳ್ಳೆಯ ಗ್ರಂಥಪಾಲಕನ ಶಿಸ್ತು ಇಲ್ಲದಿದ್ದರೆ ವಾರಕ್ಕೆ ಸಾವಿರಾರು ಕಡತಗಳನ್ನು ಜನರಿಗೆ ಹುಡುಕಲು ಸಿಗುವಂತೆ ಇಡುವುದು ಆಗದ ಕೆಲಸ.

ಮೂಲ ಮನೆಯಿಂದ ದೊಡ್ಡ ವಿತರಕರಿಗೆ, ಅವರಿಂದ ಬಡಾವಣೆಯ ಸಣ್ಣ ವಿತರಕರಿಗೆ, ಅಲ್ಲಿಂದ ಮನೆಮನೆಗೆ. ದೂರದ ಪ್ರಾಂತ್ಯಗಳಿಗೆ ಹಾರ್ಡ್ ಡಿಸ್ಕ್ ರಾತ್ರಿ ಬಸ್ಸಿನಲ್ಲಿ ಹೋಗುತ್ತಿತ್ತು. ಕೊನೆಯ ಕೊಂಡಿ ‘ಪಕೆತೆರೊ’, ಅಂದರೆ ಕಟ್ಟಿನವನು. ಆತ ಮನೆಗೆ ಬಂದು ಡಿಸ್ಕ್ ಜೋಡಿಸುತ್ತಿದ್ದ. ಮನೆಯವರು ಬೇಕಾದ್ದನ್ನು ಆರಿಸಿ ನಕಲು ಮಾಡಿಕೊಳ್ಳುತ್ತಿದ್ದರು. ಪೂರ್ತಿ ಕಟ್ಟು ಕೊಳ್ಳಲಾಗದವರು ಪೆನ್‌ಡ್ರೈವ್ ಹಿಡಿದು ಡಿಸ್ಕ್ ಅಂಗಡಿಗೆ ಹೋಗುತ್ತಿದ್ದರು. ಧಾರಾವಾಹಿಯ ಒಂದು ಕಂತು ಮಾತ್ರ ಸಾಕು ಎನ್ನುವವರಿಗೂ ಅಲ್ಲಿ ಚಿಲ್ಲರೆ ಲೆಕ್ಕದಲ್ಲಿ ಸಿಗುತ್ತಿತ್ತು. 2010ರ ನಂತರ ಸ್ವಂತ ಉದ್ಯೋಗಕ್ಕೆ ಸರ್ಕಾರ ಕೊಟ್ಟ ಪರವಾನಗಿಗಳಲ್ಲಿ ‘ಡಿಸ್ಕ್ ಕೊಳ್ಳುವವ-ಮಾರುವವ’ ಎಂಬುದೂ ಒಂದಾಗಿತ್ತು. ಹಲವು ಅಂಗಡಿಗಳು ಆ ಚೀಟಿಯ ನೆರಳಿನಲ್ಲೇ ಈ ವ್ಯಾಪಾರ ನಡೆಸಿದವು.

ಗಮನಿಸಬೇಕಾದ ವಿಷಯವೆಂದರೆ, ಈ ಸರಪಳಿಯಲ್ಲಿ ಯಾರಿಗೂ ಎಲ್ಲರೂ ಗೊತ್ತಿರಲಿಲ್ಲ. ಸಾಂತಿಯಾಗೊ ಪಟ್ಟಣದ ಮುದುಕಿಗೆ ತನ್ನ ಮೆಚ್ಚಿನ ಟರ್ಕಿ ಧಾರಾವಾಹಿಯನ್ನು ಯಾರು ಡೌನ್‌ಲೋಡ್ ಮಾಡಿದರು, ಯಾರು ಹೊತ್ತು ತಂದರು ಎಂಬುದು ತಿಳಿಯದು. ತನ್ನ ಮನೆಗೆ ಬರುವ ಕಟ್ಟಿನವನೊಬ್ಬ ಮಾತ್ರ ಪರಿಚಿತ. ಅವನ ಮೇಲಿನ ನಂಬಿಕೆಯಲ್ಲೇ ಎಲ್ಲವೂ ನಡೆಯುತ್ತಿತ್ತು.

ಕಂಪ್ಯೂಟರ್ ಬಲ್ಲವರು ಈ ಬಗೆಯ ಸಾಗಾಣಿಕೆಯನ್ನು ಬಹಳ ಹಿಂದಿನಿಂದಲೂ ‘ಸ್ನೀಕರ್‌ನೆಟ್’ ಎಂದು ತಮಾಷೆ ಮಾಡುತ್ತಾರೆ. ಸ್ನೀಕರ್ ಎಂದರೆ ಕ್ಯಾನ್ವಾಸ್ ಬೂಟು. ತಂತಿಯ ಬದಲು ಬೂಟು ಹಾಕಿಕೊಂಡು ನಡೆದುಹೋಗಿ ಫ್ಲಾಪಿ ಕೊಟ್ಟುಬರುವ ಜಾಲ. ತಮಾಷೆ ಹಾಗಿರಲಿ, ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದ ಇಂಟರ್ನೆಟ್‌ನಲ್ಲಿ ಒಂದು ಟೆರಾಬೈಟ್ ಇಳಿಸಿಕೊಳ್ಳಲು ಹಗಲೂ ರಾತ್ರಿ ಬಿಡದೆ ಮೂರು ತಿಂಗಳು ಬೇಕು. ಅದೇ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಹವಾನಾದಲ್ಲಿ ಬಸ್ ಹತ್ತಿ, ಹದಿನೈದು ಗಂಟೆಯ ನಂತರ ದ್ವೀಪದ ಇನ್ನೊಂದು ತುದಿಯಲ್ಲಿ ಇಳಿದರೆ? ವೇಗ ಸೆಕೆಂಡಿಗೆ ಸುಮಾರು 150 ಮೆಗಾಬಿಟ್ ಆಯಿತು. ಬಸ್ಸು ನಡುದಾರಿಯಲ್ಲಿ ಕೆಟ್ಟು ಐದಾರು ಗಂಟೆ ತಡವಾದರೂ ನೂರಕ್ಕಿಂತ ಕೆಳಗೆ ಬರುವುದಿಲ್ಲ!

ಹೇಳದೇ ಬಿಟ್ಟದ್ದು

ಎಲ್ಲ ಸಿಗುತ್ತಿದ್ದ ಕಟ್ಟಿನಲ್ಲಿ ಎರಡು ವಸ್ತು ಸಿಗುತ್ತಿರಲಿಲ್ಲ. ಒಂದು ಅಶ್ಲೀಲ ಚಿತ್ರ. ಇನ್ನೊಂದು ರಾಜಕೀಯ. ಸರ್ಕಾರವನ್ನು ಟೀಕಿಸುವ ವರದಿ, ದೇಶ ಬಿಟ್ಟುಹೋದ ವಿರೋಧಿಗಳ ಭಾಷಣ ಇಂಥವು ಕಣ್ಣಿಗೆ ಬಿದ್ದರೆ ಜೋಡಿಸುವವರೇ ತೆಗೆದು ಹಾಕುತ್ತಿದ್ದರು. ಯಾರೂ ಲಿಖಿತ ಆದೇಶ ಕೊಟ್ಟಿದ್ದಕ್ಕಲ್ಲ, ವ್ಯಾಪಾರ ಉಳಿಯಲಿ ಎಂದು.

ಹಾಗೆ ಹೆದರಲು ಕಾರಣವೂ ಇತ್ತು. ಪೆನ್‌ಡ್ರೈವ್ ಏನು ಮಾಡಬಲ್ಲದು ಎಂಬುದನ್ನು ಸರ್ಕಾರ 2008ರ ಆರಂಭದಲ್ಲೇ ಕಂಡಿತ್ತು. ಹವಾನಾದ ಮಾಹಿತಿ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಆಗಿನ ಸಂಸತ್ತಿನ ಅಧ್ಯಕ್ಷ ರಿಕಾರ್ಡೊ ಅಲಾರ್ಕೊನ್ ಬಂದಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದುನಿಂತು ಪ್ರಶ್ನೆಗಳನ್ನು ಕೇಳಿದ. ಹಲ್ಲುಜ್ಜುವ ಒಂದು ಬ್ರಷ್ ಕೊಳ್ಳಲು ಕೆಲಸಗಾರ ಎರಡು ಮೂರು ದಿನ ದುಡಿಯಬೇಕು, ಏಕೆ? ಕ್ಯೂಬಾದ ಜನ ಹೊರದೇಶಗಳಿಗೆ ಹೋಗುವಂತಿಲ್ಲ, ಏಕೆ? ಎಲ್ಲರೂ ಪ್ರಯಾಣ ಹೊರಟರೆ ಆಕಾಶದಲ್ಲಿ ವಿಮಾನಗಳ ದಟ್ಟಣೆಯಾದೀತು ಎಂಬರ್ಥದ ಉತ್ತರ ಅಧ್ಯಕ್ಷರಿಂದ ಬಂತು. ಸಭೆಯ ವಿಡಿಯೊ ಟಿ.ವಿ.ಯಲ್ಲಿ ಬರಲಿಲ್ಲ, ಬರುವ ಪ್ರಶ್ನೆಯೂ ಇರಲಿಲ್ಲ. ಆದರೆ ಪೆನ್‌ಡ್ರೈವ್‌ಗಳ ಮೇಲೆ ಅದು ದ್ವೀಪವನ್ನೆಲ್ಲ ಸುತ್ತಿತು. ಹೊರಗಿನ ಪತ್ರಿಕೆಗಳಲ್ಲೂ ಸುದ್ದಿಯಾಯಿತು.

ಈ ಹಿನ್ನೆಲೆಯಲ್ಲಿ ಕಟ್ಟು ಉಳಿದುಕೊಂಡ ರೀತಿ ವಿಚಿತ್ರವಾದದ್ದು. ಸರ್ಕಾರ ಅದನ್ನು ಒಪ್ಪಲಿಲ್ಲ, ನಿಷೇಧಿಸಲೂ ಇಲ್ಲ. 2013ರ ನವೆಂಬರ್‌ನಲ್ಲಿ ಮನೆಗಳಲ್ಲಿ ನಡೆಯುತ್ತಿದ್ದ ಖಾಸಗಿ ಚಿತ್ರಮಂದಿರಗಳನ್ನು ಒಂದೇ ಆದೇಶದಲ್ಲಿ ಮುಚ್ಚಿಸಿದ ಸರ್ಕಾರ, ಕಟ್ಟಿನ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಅಭಿರುಚಿ ಕೆಡಿಸುತ್ತಿದೆ, ಅಗ್ಗದ ಮನರಂಜನೆ ಎಂದು ಸಂಸ್ಕೃತಿ ಇಲಾಖೆಯ ಹಿರಿಯರು ಗೊಣಗಿದರು. ನಿಷೇಧಿಸಿದರೆ ರುಚಿ ಇನ್ನೂ ಹೆಚ್ಚುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಬದಲಿಗೆ 2014ರಲ್ಲಿ ಸರ್ಕಾರಿ ಕಂಪ್ಯೂಟರ್ ಕ್ಲಬ್ಬುಗಳ ಮೂಲಕ ‘ಮೊಚಿಲಾ’, ಅಂದರೆ ಬೆನ್ನುಚೀಲ, ಎಂಬ ಪ್ರತಿಸ್ಪರ್ಧಿ ಕಟ್ಟನ್ನು ಬಿಟ್ಟರು. ಶೈಕ್ಷಣಿಕ ಕಾರ್ಯಕ್ರಮ, ಕ್ಯೂಬಾದ ಸಂಗೀತ, ಒಳ್ಳೆಯ ಸಿನಿಮಾ ಎಲ್ಲವೂ ಉಚಿತ. ಜನ ಉಚಿತದ ಬೆನ್ನುಚೀಲ ಬಿಟ್ಟು ದುಡ್ಡು ಕೊಟ್ಟು ಕಟ್ಟನ್ನೇ ಕೊಂಡರು. ಮಕ್ಕಳಿಗೆ ಹಾಗಲಕಾಯಿ ಪಲ್ಯ ಬಡಿಸಿದಂತಾಯಿತೇನೋ.

ಬೇಸರದ ಸಂಗತಿಯೆಂದರೆ ಕಟ್ಟಿನವರ ಈ ಮೌನಕ್ಕೆ ತೆತ್ತ ಬೆಲೆ. ಜನ ತಮ್ಮ ಕೈಯಾರೆ ಕಟ್ಟಿದ, ಸರ್ಕಾರದ ಹಂಗಿಲ್ಲದ ಏಕೈಕ ದೊಡ್ಡ ವಿತರಣಾ ವ್ಯವಸ್ಥೆಯಲ್ಲಿ ಜನರ ದಿನನಿತ್ಯದ ಕಷ್ಟದ ಸುದ್ದಿಗೆ ಜಾಗವಿರಲಿಲ್ಲ. ಮಯಾಮಿಯ ಟಿ.ವಿ. ನ್ಯಾಯಾಲಯದಲ್ಲಿ ಗಂಡಹೆಂಡಿರು ಜಗಳವಾಡುವುದನ್ನು ನೋಡಬಹುದಿತ್ತು. ತಮ್ಮದೇ ಊರಿನ ಆಸ್ಪತ್ರೆಯಲ್ಲಿ ಔಷಧವಿಲ್ಲ ಎಂಬುದನ್ನು ಓದುವಂತಿರಲಿಲ್ಲ. ರಾಜಕೀಯ ತುಂಬಿದ್ದರೆ ಮರುವಾರವೇ ಕಟ್ಟು ಇರುತ್ತಿರಲಿಲ್ಲ ಎಂಬ ಕಟ್ಟಿನವರ ವಾದವನ್ನೂ ತಳ್ಳಿಹಾಕುವಂತಿಲ್ಲ.

ಹಾಗೆಂದು ಅದು ಬರೀ ಪರದೇಶಿ ಸರಕಿನ ಮೂಟೆಯಾಗಿ ಉಳಿಯಲಿಲ್ಲ. ಕ್ಯೂಬಾದ ಯುವ ಗಾಯಕರು ತಮ್ಮ ಹಾಡನ್ನು ಕಟ್ಟಿನೊಳಗೆ ಸೇರಿಸಲು ಹಣ ಕೊಡತೊಡಗಿದರು. ರೇಡಿಯೊ ಪ್ರಸಾರ ಮಾಡಲೊಲ್ಲದ ರೆಗೆಟೋನ್ ಹಾಡುಗಳು ಕಟ್ಟಿನ ಮೂಲಕ ಮನೆಮಾತಾದವು. ಉಪಾಹಾರ ಗೃಹದವರು, ಮೊಬೈಲ್ ರಿಪೇರಿಯವರು ಜಾಹೀರಾತು ಕೊಟ್ಟರು. ಜಾಹೀರಾತು ಎಂಬುದೇ ಕಾಣದಿದ್ದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. 2014ರಲ್ಲಿ ಶುರುವಾದ ‘ವಿಸ್ತಾರ್’ ಎಂಬ ಸಂಗೀತ-ಮನರಂಜನೆಯ ಪತ್ರಿಕೆ ಓದುಗರನ್ನು ತಲುಪಿದ್ದೂ ಈ ಕಟ್ಟಿನಲ್ಲಿ ಕುಳಿತೇ. ಕಲಾವಿದ ನೆಸ್ತೊರ್ ಸಿರೆ ಕಟ್ಟಿನೊಳಗೇ ಕಲೆಗೆಂದು ಒಂದು ಫೋಲ್ಡರ್ ತೆರೆದ. ಅಮೆರಿಕದ ಕಲಾವಿದೆ ಜೂಲಿಯಾ ವೈಸ್ಟ್ ಜೊತೆ ಸೇರಿ ಆತ 52 ವಾರಗಳ ಕಟ್ಟುಗಳನ್ನು ಸಂಗ್ರಹಿಸಿ 2017ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ವಾರ ಮುಗಿದೊಡನೆ ಹಳೆಯದನ್ನು ಅಳಿಸಿ ಹೊಸದನ್ನು ತುಂಬುವ ವ್ಯವಹಾರದಲ್ಲಿ ಹೀಗೆ ಯಾರಾದರೂ ಎತ್ತಿಡದಿದ್ದರೆ ಗುರುತೇ ಉಳಿಯದು.

ಕೃತಿಸ್ವಾಮ್ಯದ ಪ್ರಶ್ನೆ ಏನಾಯಿತು ಎಂದು ಕೇಳಬಹುದು. ಕಟ್ಟಿನಲ್ಲಿದ್ದ ಬಹುತೇಕ ಎಲ್ಲವೂ ಕದ್ದ ಮಾಲೇ. ಆದರೆ ದಿಗ್ಬಂಧನದ ಕಾರಣ ಹಾಲಿವುಡ್‌ನಿಂದ ಕಾನೂನುಬದ್ಧವಾಗಿ ಕೊಳ್ಳುವ ದಾರಿಯೂ ಮುಚ್ಚಿತ್ತು. ಕ್ಯೂಬಾದ ಸರ್ಕಾರಿ ಟಿ.ವಿ.ಯೇ ಹಣ ಕೊಡದೆ ಅಮೆರಿಕದ ಸಿನಿಮಾ ತೋರಿಸುತ್ತಿತ್ತು. 2015ರ ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್ ಕ್ಯೂಬಾಕ್ಕೆ ಬಂದಿರುವುದಾಗಿ ಸಾರಿತು. ತಿಂಗಳಿಗೆ ಎಂಟು ಡಾಲರ್, ವಿದೇಶಿ ಬ್ಯಾಂಕಿನ ಕಾರ್ಡು, ವೇಗದ ಇಂಟರ್ನೆಟ್ ಇಷ್ಟಿದ್ದರೆ ಸಾಕಿತ್ತು! ಅದೇ ಸರಣಿಗಳು ಕಟ್ಟಿನಲ್ಲಿ ಅದಾಗಲೇ ಬಂದಾಗಿತ್ತು.

ಮರುಭೂಮಿಯಲ್ಲಿ, ಗೋಡೆಯಲ್ಲಿ

ಕ್ಯೂಬಾದ ಕಟ್ಟಿಗೆ ವ್ಯವಸ್ಥೆಯಿತ್ತು, ಯಜಮಾನರಿದ್ದರು. ಅದಾವುದೂ ಇಲ್ಲದೆ ಕಡತಗಳು ಊರೂರು ಸುತ್ತಿದ ಉದಾಹರಣೆ ಬೇಕಿದ್ದರೆ ಸಹಾರಾ ಮರುಭೂಮಿಗೆ ಹೋಗಬೇಕು. ಮಾಲಿ, ನೈಜರ್ ದೇಶಗಳ ಉತ್ತರ ಭಾಗದಲ್ಲಿ 2000ದ ದಶಕದ ಕೊನೆಗೆ ಅಗ್ಗದ ಚೀನೀ ಮೊಬೈಲುಗಳು ಬಂದವು. ಎಷ್ಟೋ ಕಡೆ ಸಿಗ್ನಲ್ ಇರಲಿಲ್ಲ. ಹಾಗಾಗಿ ಫೋನು ಮಾತಾಡುವುದಕ್ಕಿಂತ ಹೆಚ್ಚಾಗಿ ಹಾಡು ಕೇಳುವ, ಹಾಡು ಕೂಡಿಡುವ ಪೆಟ್ಟಿಗೆಯಾಯಿತು. ಬಸ್ಸಿನಲ್ಲಿ ಪಕ್ಕ ಕೂತವನ ಫೋನಿನಿಂದ ಬ್ಲೂಟೂತ್ ಮೂಲಕ, ಪೇಟೆಯ ಅಂಗಡಿಯ ಮೆಮೊರಿ ಕಾರ್ಡಿನಿಂದ ಹಾಡು ದಾಟಿ ಹೋಗುತ್ತಿತ್ತು. ಹಾಡಿನ ಜೊತೆ ಹಾಡಿದವನ ಹೆಸರು ಹೋಗುತ್ತಿರಲಿಲ್ಲ ಅಷ್ಟೆ.

ಅಮೆರಿಕದ ಕ್ರಿಸ್ಟೊಫರ್ ಕರ್ಕ್ಲಿ ಮಾಲಿಯ ಕಿದಾಲ್ ಪಟ್ಟಣದಲ್ಲಿ ಇಂಥ ಮೆಮೊರಿ ಕಾರ್ಡುಗಳಲ್ಲಿದ್ದ ಹಾಡುಗಳನ್ನು ಸಂಗ್ರಹಿಸಿ ‘ಸಹಾರಾ ಮೊಬೈಲುಗಳ ಸಂಗೀತ’ ಎಂಬರ್ಥದ ಹೆಸರಿನಲ್ಲಿ ಸಂಕಲನ ಹೊರತಂದ. ಅದರಲ್ಲೊಂದು ಹಾಡು ಎಂದೂ ಮುಖ ಕಂಡಿರದ ಒಬ್ಬ ಗಿಟಾರ್ ವಾದಕನದು. ಹುಡುಕುತ್ತಾ ಹೋದಾಗ ಆತ ನೈಜರ್ ದೇಶದವನೆಂದು ತಿಳಿಯಿತು. ಹೆಸರು ಎಂದು ಮೊಕ್ತಾರ್. 2008ರಲ್ಲಿ ನೈಜೀರಿಯಾದ ಸೊಕೊಟೊ ನಗರದಲ್ಲಿ ಧ್ವನಿಮುದ್ರಿಸಿದ್ದ ಆತನ ಹಾಡುಗಳು ಮೆಮೊರಿ ಕಾರ್ಡುಗಳ ಮೇಲೆ ಮರುಭೂಮಿಯನ್ನೇ ದಾಟಿದ್ದವು. ಇಂದು ಆತ ಯೂರೋಪ್, ಅಮೆರಿಕದ ದೊಡ್ಡ ವೇದಿಕೆಗಳಲ್ಲಿ ನುಡಿಸುವ ಕಲಾವಿದ. ಆದರೆ ಕಾರ್ಡಿನಿಂದ ಕಾರ್ಡಿಗೆ ಹಾರಿದ ಆ ಹಾಡುಗಳಿಗೆ ಅಂದು ಒಂದೊಂದು ನಕಲಿಗೂ ಆತನಿಗೆ ದುಡ್ಡು ಬರಲಿಲ್ಲ ಎಂಬುದನ್ನೂ ಮರೆಯಬಾರದು.

ಯೂರೋಪಿನ ಕಲಾವಿದನೊಬ್ಬ ಇದೇ ವಿಚಾರವನ್ನು ಗೋಡೆಗೆ ಮೆತ್ತಿದ! ಬರ್ಲಿನ್‌ನ ಆರಾಮ್ ಬಾರ್ಟೋಲ್ 2010ರಲ್ಲಿ ನ್ಯೂಯಾರ್ಕಿನ ಐದು ಕಡೆ ಗೋಡೆಯ ಸಂದಿಗಳಲ್ಲಿ ಪೆನ್‌ಡ್ರೈವ್ ಇಟ್ಟು, ಮೂತಿ ಮಾತ್ರ ಹೊರಗೆ ಕಾಣುವಂತೆ ಸಿಮೆಂಟ್ ಬಳಿದ. ಗೂಢಚಾರರು ಒಬ್ಬರನ್ನೊಬ್ಬರು ಭೇಟಿಯಾಗದೆ ವಸ್ತು ಬಿಟ್ಟುಹೋಗುವ ಗುಪ್ತ ಜಾಗಕ್ಕಿರುವ ಹೆಸರನ್ನೇ ಬಳಸಿ ಇದನ್ನು ‘ಡೆಡ್ ಡ್ರಾಪ್ಸ್’ ಎಂದ. ದಾರಿಹೋಕರು ಲ್ಯಾಪ್‌ಟಾಪ್ ಹಿಡಿದು ಗೋಡೆಗೆ ಆತುಕೊಂಡು ನಿಂತು ಬೇಕಾದ್ದನ್ನು ಹಾಕಬಹುದು, ಇದ್ದುದನ್ನು ತೆಗೆದುಕೊಳ್ಳಬಹುದು. ಆತ ಇಟ್ಟದ್ದು ಯೋಜನೆಯ ವಿವರಣೆಯ ಒಂದು ಸಣ್ಣ ಕಡತ ಮಾತ್ರ. ಉಳಿದದ್ದು ಅಪರಿಚಿತರಿಗೆ ಬಿಟ್ಟದ್ದು. ಮುಂದೆ ಹಲವು ದೇಶಗಳಲ್ಲಿ ಜನ ತಾವಾಗಿಯೇ ಇಂಥ ಸಾವಿರಕ್ಕೂ ಹೆಚ್ಚು ಗೋಡೆ-ಡ್ರೈವ್‌ಗಳನ್ನು ನೆಟ್ಟರು. ಮಳೆಗೆ ತುಕ್ಕು ಹಿಡಿದವೆಷ್ಟೋ, ಪುಂಡರು ಕಿತ್ತವೆಷ್ಟೋ.

ಚೆನ್ನಾದ ಕಲ್ಪನೆಯೇ. ಆದರೆ ಗುರುತಿಲ್ಲದ ಗೋಡೆಗೆ ತಮ್ಮ ಕಂಪ್ಯೂಟರ್ ಚುಚ್ಚುವ ಮುನ್ನ ಯಾರಾದರೂ ಎರಡು ಸಲ ಯೋಚಿಸಬೇಕು. ಇರಾನಿನ ನತಾಂಜ್ ಅಣು ಘಟಕದ ಯಂತ್ರಗಳನ್ನು ಹಾಳುಗೆಡವಿದ, 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ವೈರಸ್ ಹರಡುತ್ತಿದ್ದುದು ಪೆನ್‌ಡ್ರೈವ್ ಮೂಲಕವೇ. ಇಂಟರ್ನೆಟ್ಟಿಗೆ ಜೋಡಿಸದ ಯಂತ್ರಗಳನ್ನೂ ಅದು ಮುಟ್ಟಬಲ್ಲದಾಗಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ಬೇಕೆಂದೇ 297 ಪೆನ್‌ಡ್ರೈವ್‌ಗಳನ್ನು ಬೀಳಿಸಿ ನೋಡಿದರು. ಕನಿಷ್ಠ ಶೇ 45ರಷ್ಟನ್ನು ಸಿಕ್ಕಿದವರು ತಮ್ಮ ಕಂಪ್ಯೂಟರಿಗೆ ಹಾಕಿ, ಒಳಗಿನ ಕಡತವನ್ನು ತೆರೆದಿದ್ದರು. 2016ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮನುಷ್ಯನ ಕುತೂಹಲಕ್ಕೆ ಮದ್ದಿಲ್ಲ. ಕ್ಯೂಬಾದ ಕಟ್ಟಿನಲ್ಲಿ ವೈರಸ್ ತಡೆಯುವ ತಂತ್ರಾಂಶಕ್ಕೆ ಪ್ರತಿ ವಾರ ಜಾಗ ಮೀಸಲಿದ್ದುದು ಸುಮ್ಮನೆಯಲ್ಲ.

ಇನ್ನು ಉತ್ತರ ಕೊರಿಯಾದಲ್ಲಿ ವೈರಸ್ಸಿನ ಭಯಕ್ಕಿಂತ ಜೀವಭಯವೇ ದೊಡ್ಡದು. ಚೀನಾ ಗಡಿಯಿಂದ ಕಳ್ಳದಾರಿಯಲ್ಲಿ ಬರುವ ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ದಕ್ಷಿಣ ಕೊರಿಯಾದ ಧಾರಾವಾಹಿಗಳಿರುತ್ತವೆ. ‘ನೊಟೆಲ್’ ಎಂಬ ಚಿಕ್ಕ ಪ್ಲೇಯರ್‌ನಲ್ಲಿ ಜನ ಅವನ್ನು ನೋಡುತ್ತಿದ್ದರು. ಅಧಿಕಾರಿಗಳು ಬಾಗಿಲು ತಟ್ಟಿದರೆ ಪೆನ್‌ಡ್ರೈವ್ ಕಿತ್ತು ಬಚ್ಚಿಟ್ಟು, ಮೊದಲೇ ಒಳಗಿಟ್ಟ ಸರ್ಕಾರಿ ಡಿವಿಡಿಯನ್ನು ತೋರಿಸುವ ಉಪಾಯವನ್ನು ದೇಶ ಬಿಟ್ಟು ಬಂದವರು ವಿವರಿಸಿದ್ದಾರೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿ ಬಂದ ಕಾನೂನಿನಂತೆ ಇಂಥದನ್ನು ನೋಡಿದವರಿಗೆ 15 ವರ್ಷದವರೆಗೆ ಶಿಕ್ಷೆ, ಹಂಚಿದವರಿಗೆ ಮರಣದಂಡನೆಯವರೆಗೂ ಶಿಕ್ಷೆ ಇದೆ ಎಂದು ವರದಿಗಳು ಹೇಳುತ್ತವೆ. ಅದೇ ಅಗಲದ, ಅದೇ ತೂಕದ ಪುಟ್ಟ ಸಾಧನ. ಹವಾನಾದಲ್ಲಿ ಎರಡು ಡಾಲರ್, ಅಲ್ಲಿ ತಲೆ.

ನಮ್ಮ ಊರಿನ ಅಂಗಡಿ

ಇದೆಲ್ಲ ದೂರದ ಕತೆ ಎನ್ನುವವರು ಹತ್ತು-ಹದಿನೈದು ವರ್ಷದ ಹಿಂದಿನ ನಮ್ಮ ಬಸ್ ನಿಲ್ದಾಣಗಳನ್ನು ನೆನೆಯಬೇಕು. ಪ್ರತಿ ತಾಲ್ಲೂಕು ಪಟ್ಟಣದಲ್ಲೂ ‘ಮೊಬೈಲ್ ರೀಚಾರ್ಜ್’ ಅಂಗಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್. ಎರಡೋ ನಾಲ್ಕೋ ಜಿಬಿ ಮೆಮೊರಿ ಕಾರ್ಡ್ ಕೊಟ್ಟು, ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ‘ಹಾಡು ತುಂಬಿಸಿ’ಕೊಡುತ್ತಿದ್ದರು. ರಾಜ್‌ಕುಮಾರ್ ಹಾಡು ಬೇಕೇ, ಭಕ್ತಿಗೀತೆಯೇ, ಜನಪದವೇ, ಕರಾವಳಿಯ ಕಡೆಯಾದರೆ ಯಕ್ಷಗಾನದ ಪ್ರಸಂಗವೇ? ಅಂಗಡಿಯ ಹುಡುಗನ ಅಭಿರುಚಿಯೇ ಆ ಊರಿನ ಅಭಿರುಚಿಯಾಗಿದ್ದ ಕಾಲವದು. ಇದು ಕಾನೂನಿಗೆ ಒಪ್ಪುವ ಕೆಲಸವಾಗಿರಲಿಲ್ಲ. ಚಿತ್ರೋದ್ಯಮದ ದೂರು ಬಹಳ ದಿನದ್ದು. 2014ರಲ್ಲಿ ಕರ್ನಾಟಕ ಸರ್ಕಾರ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ಆಡಿಯೊ, ವಿಡಿಯೊ ನಕಲು ಮಾಡುವವರನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಆದರೆ ಈ ಅಂಗಡಿಗಳನ್ನು ನಿಜವಾಗಿ ಮುಚ್ಚಿಸಿದ್ದು ಗೂಂಡಾ ಕಾಯ್ದೆಯಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಕಾರ್ಡು ತುಂಬಿಸುವವರ ಸಾಲು ತಾನಾಗಿ ಕರಗಿತು. ಉತ್ತರ ಕರ್ನಾಟಕದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಪೆಟ್ಟಿಗೆಯಲ್ಲಿ ಜನಪದ ಹಾಡು ಮೊಳಗಿಸುವ ಪೆನ್‌ಡ್ರೈವ್ ಮಾತ್ರ ಇನ್ನೂ ಜಾಗ ಬಿಟ್ಟಿಲ್ಲ.

ಕ್ಯೂಬಾದಲ್ಲೂ ಹೆಚ್ಚುಕಡಿಮೆ ಹೀಗೆಯೇ ಆಯಿತು. 2015ರ ಜುಲೈನಲ್ಲಿ ಉದ್ಯಾನ, ಬೀದಿಗಳಲ್ಲಿ 35 ವೈಫೈ ಕೇಂದ್ರಗಳು ಬಂದವು. 2018ರ ಡಿಸೆಂಬರ್‌ನಲ್ಲಿ ಮೊಬೈಲಿಗೆ 3ಜಿ ಬಂತು. 2019ರಲ್ಲಿ ಹೊಸ ನಿಯಮಗಳು ಬಂದು, ಹವಾನಾದ ಹುಡುಗರು ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದು ಆಟವಾಡಲು ಕಟ್ಟಿಕೊಂಡಿದ್ದ ‘ಎಸ್‌ನೆಟ್’ ಎಂಬ ಖಾಸಗಿ ಜಾಲ ಸರ್ಕಾರಿ ಕ್ಲಬ್ಬುಗಳಲ್ಲಿ ಲೀನವಾಯಿತು. ಕಟ್ಟನ್ನು ಯಾರೂ ಮುಚ್ಚಲಿಲ್ಲ. ಗಿರಾಕಿಗಳು ಕಡಿಮೆಯಾದರು. ಎಳೆಯರು ಫೋನಿಗೆ ತಿರುಗಿದರು, ವಯಸ್ಸಾದವರು, ದೂರದ ಊರಿನವರು ಕಟ್ಟಿನವನಿಗೆ ಕಾದರು. 2021ರ ಜನವರಿಯಲ್ಲಿ ಕುಕ್ ನಾಣ್ಯವೇ ರದ್ದಾಯಿತು. ಅದೇ ವರ್ಷ ಜುಲೈ 11ರಂದು ಜನ ಬೀದಿಗಿಳಿದಾಗ ಸರ್ಕಾರ ಮೊದಲು ಮಾಡಿದ ಕೆಲಸಗಳಲ್ಲಿ ಮೊಬೈಲ್ ಇಂಟರ್ನೆಟ್ ಕತ್ತರಿಸುವುದೂ ಒಂದು. ತಂತಿಗೊಂದು ಗುಂಡಿಯಿರುತ್ತದೆ, ಒತ್ತಿದರೆ ಆರುತ್ತದೆ. ಸೈಕಲ್ಲಿನ ಮೇಲೆ ಹೋಗುವವನಿಗೆ ಅಂಥ ಗುಂಡಿಯಿಲ್ಲ.

2025ರ ಮೇ ತಿಂಗಳ ಕೊನೆಗೆ ಕ್ಯೂಬಾದ ಸರ್ಕಾರಿ ಟೆಲಿಫೋನ್ ಕಂಪನಿ ಹೊಸ ದರ ಪ್ರಕಟಿಸಿತು. ಸ್ಥಳೀಯ ಹಣದಲ್ಲಿ ತಿಂಗಳಿಗೆ 360 ಪೆಸೊಗಿಂತ ಹೆಚ್ಚು ರೀಚಾರ್ಜ್ ಮಾಡುವಂತಿಲ್ಲ. ಅದು ತೀರಿದ ಮೇಲೆ ಮೂರು ಜಿಬಿ ಬೇಕಿದ್ದರೆ 3,360 ಪೆಸೊ. ಅರ್ಧ ತಿಂಗಳ ಸಂಬಳಕ್ಕಿಂತ ಹೆಚ್ಚು. ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತರಗತಿ ಬಹಿಷ್ಕಾರದ ಕರೆ ಕೊಟ್ಟರು. ಕಂಪನಿ ವಿದ್ಯಾರ್ಥಿಗಳಿಗೆ ಒಂದಿಷ್ಟು ರಿಯಾಯಿತಿ ಕೊಟ್ಟು, ಉಳಿದವರಿಗೆ ದರ ಹಾಗೆಯೇ ಉಳಿಸಿತು. ಮೂರು ಜಿಬಿ ಎಂದರೆ ಎರಡು ಸಿನಿಮಾ. ಹಳೆಯ ಕಟ್ಟಿನಲ್ಲಿ ಅದರ ಮುನ್ನೂರು ಪಟ್ಟಿಗೂ ಹೆಚ್ಚು ಇರುತ್ತಿತ್ತು.